ಹರಿವೆಯ ಬಿಳಿ ಚುಕ್ಕೆಗೆ ಅರಸಿನ, ಬೆಳ್ಳುಳ್ಳಿ

ಮಳೆಗಾಲದಲ್ಲಿ ಕಾಸರಗೋಡಿನ ಕಡೆ ಕೆಂಪು ಹರಿವೆ ಉಳಿಸಿಕೊಳ್ಳುವುದೇ ಕಷ್ಟ. ಗಿಡ ಗೇಣುದ್ದ ಆಗುವಷ್ಟರಲ್ಲಿ ಎಲೆ ಮೇಲೆ ಬಿಳಿ ಚುಕ್ಕೆ. ಚುಕ್ಕೆ ಹರಡಿ ತೆಳು ಕಾಗದದ ಹಾಗೆ ಒಣಗುತ್ತದೆ. ಆಮೇಲೆ ಅಲ್ಲಿ ತೂತು. ಕೆಟ್ಟ ಎಲೆ ಚಿವುಟಿ ಎಸೆದರೆ ಪಲ್ಯಕ್ಕೆ ಉಳಿಯುವುದು ದಂಟು ಮಾತ್ರ.

ಇದನ್ನು ತರುವುದು ರೈಜೋಕ್ಟೋನಿಯಾ ಸೊಲಾನಿ ಎಂಬ ಶಿಲೀಂಧ್ರ. ಅದರ ಮನೆ ಮಣ್ಣು. ಮಳೆಹನಿ ನೆಲಕ್ಕೆ ಬಡಿದು ಸಿಡಿದಾಗ ಕೆಸರಿನ ಜೊತೆ ಎಲೆಗೆ ಹತ್ತುತ್ತದೆ.

ಅಡಿಕೆ ತೋಟ ಇರುವವರಿಗೆ ಮದ್ದು ಬಿಡುವುದು ಹೊಸತಲ್ಲ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಎಲ್ಲರಿಗೂ ಗೊತ್ತು. ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿ ಬಳ್ಳಿಗೆಂದು 1885ರಲ್ಲಿ ಅದನ್ನು ಪ್ರಕಟಿಸಿದರು. ಆದರೆ ಹರಿವೆಯ ಲೆಕ್ಕ ಬೇರೆ. ಮದ್ದು ಬೀಳುವ ಎಲೆಯನ್ನೇ ನಾವು ತಿನ್ನುವುದು. ಅದೂ ಬಿತ್ತಿ ತಿಂಗಳಾಗುವಾಗ ಕೊಯ್ದು! ಹಾಗಾಗಿ ಇಂಥ ಬೆಳೆಗೆ ಮೊದಲು ಅಡುಗೆಮನೆಯ ಸಾಮಾನನ್ನೇ ನೋಡುವುದು ಸರಿ ಅಂತ ನನಗೆ ಅನ್ನಿಸುತ್ತದೆ.

ಕೇರಳದ ಕೈತೋಟಗಳಲ್ಲಿ ಬಳಕೆಯಲ್ಲಿರುವ ಒಂದು ಮದ್ದು ಹೀಗಿದೆ. ಎರಡೂವರೆ ಲೀಟರ್ ನೀರಿನಲ್ಲಿ 10 ಗ್ರಾಂ ಇಂಗು ಕರಗಿಸಿ, 8 ಗ್ರಾಂ ಅರಸಿನ ಹುಡಿ, 2 ಗ್ರಾಂ ಅಡುಗೆ ಸೋಡಾ ಸೇರಿಸಿ ಸೋಸುತ್ತಾರೆ. ಎಲೆಯ ಎರಡೂ ಬದಿಗೆ ಸಿಂಪಡಿಸುತ್ತಾರೆ. ಅರಸಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಮತ್ತು ಅದರ ಎಣ್ಣೆಯ ಅಂಶಗಳು ಶಿಲೀಂಧ್ರದ ಬೆಳವಣಿಗೆ ತಡೆಯುತ್ತವೆ. ಸೋಡಾ ಎಲೆಯ ಮೇಲ್ಮೈಯನ್ನು ಕ್ಷಾರ ಮಾಡುತ್ತದೆ. ಅದೂ ಶಿಲೀಂಧ್ರಕ್ಕೆ ಆಗಿಬರುವುದಿಲ್ಲ.

ಬೆಳ್ಳುಳ್ಳಿಯ ಕತೆ ಇನ್ನೂ ಚಂದ. ಇಡೀ ಎಸಳಿಗೆ ಅಷ್ಟು ಘಾಟು ಇರುವುದಿಲ್ಲ, ಅಲ್ವಾ? ಒಳಗೆ ಅಲ್ಲಿಯಿನ್ ಎಂಬ ವಸ್ತು ಒಂದು ಕಡೆ, ಅಲ್ಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ. ಜಜ್ಜಿದ ಕೂಡಲೇ ಎರಡೂ ಸೇರುತ್ತವೆ, ಅಲ್ಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ವಾಸನೆ ಅದರದ್ದೇ. ಅದು ಶಿಲೀಂಧ್ರದ ಜೀವಕೋಶಕ್ಕೆ ನುಗ್ಗಿ ಅಲ್ಲಿನ ಕಿಣ್ವಗಳಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಇಡೀ ಬೆಳ್ಳುಳ್ಳಿಯನ್ನು ಮೊದಲೇ ಕುದಿಸಿದರೆ ಕಿಣ್ವ ಸಾಯುತ್ತದೆ, ಅಲ್ಲಿಸಿನ್ ಹುಟ್ಟುವುದೇ ಇಲ್ಲ. ಜಜ್ಜಿ ದಿನಗಟ್ಟಲೆ ಇಟ್ಟರೂ ಶಕ್ತಿ ಇಳಿಯುತ್ತದೆ. ಹಸಿಯಾಗಿ ಜಜ್ಜಿ, ಸೋಸಿ, ಅದೇ ದಿನ ಬಳಸಬೇಕು.

ಪ್ರಯೋಗಾಲಯದಲ್ಲಿ ಇಂಥ ರಸವನ್ನು ಗಾಜಿನ ತಟ್ಟೆಯಲ್ಲಿ ಪರೀಕ್ಷಿಸುತ್ತಾರೆ. ಶಿಲೀಂಧ್ರ ಬೆಳೆಸಲು ಬಳಸುವ ಅಗಾರ್ ಎಂಬ ಲೋಳೆಗೆ ರಸ ಬೆರೆಸಿ, ನಡುವೆ ಶಿಲೀಂಧ್ರದ ಚಿಕ್ಕ ಬಿಲ್ಲೆ ಇಡುತ್ತಾರೆ. ರಸ ಇಲ್ಲದ ತಟ್ಟೆಯಲ್ಲಿ ಅದು ಅಂಚಿನವರೆಗೆ ಹರಡುವಾಗ, ರಸ ಇರುವಲ್ಲಿ ಎಷ್ಟು ಅಗಲಕ್ಕೆ ನಿಂತಿತು ಅಂತ ಅಳೆಯುತ್ತಾರೆ. ತಟ್ಟೆಯಲ್ಲಿ ಗೆದ್ದ ಎಷ್ಟೋ ರಸಗಳು ಗದ್ದೆಯಲ್ಲಿ ಸೋಲುತ್ತವೆ. ತಟ್ಟೆಗೆ ಬಿಸಿಲಿಲ್ಲ, ಮಳೆಯಿಲ್ಲ. ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ. ಜಡಿಮಳೆಗೆ ಎಲ್ಲವೂ ತೊಳೆದು ಹೋಗುತ್ತದೆ. ಆದ್ದರಿಂದ ಸಂಜೆ, ಮಳೆ ಬಿಟ್ಟ ಹೊತ್ತಿಗೆ ಸಿಂಪಡಿಸಬೇಕು. ಚುಕ್ಕೆ ಒಂದೆರಡು ಕಾಣುವಾಗಲೇ ಶುರು ಮಾಡಬೇಕು. ಒಣಗಿದ ಎಲೆಯನ್ನು ಯಾವ ರಸವೂ ಹಸಿರು ಮಾಡುವುದಿಲ್ಲ.

ಇಷ್ಟು ಮಾಡಿದರೂ ಮಣ್ಣಿನೊಳಗಿನ ಶಿಲೀಂಧ್ರ ಅಲ್ಲೇ ಇರುತ್ತದೆ. ಅದಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯ ಹೇಳುವ ಉಪಾಯ ನನಗೆ ತುಂಬ ಇಷ್ಟ. ಸಿಒ-1 ಎಂಬ ಹಸಿರು ಹರಿವೆ ಈ ರೋಗವನ್ನು ತಡೆದುಕೊಳ್ಳುತ್ತದೆ. ಅದನ್ನು ಕೆಂಪು ಹರಿವೆಯ ಜೊತೆ ಬೆರೆಸಿ ಬಿತ್ತಿದರೆ ರೋಗ ಗಿಡದಿಂದ ಗಿಡಕ್ಕೆ ಅಷ್ಟು ಬೇಗ ದಾಟುವುದಿಲ್ಲ. ನೀರನ್ನು ಎಲೆ ಮೇಲೆ ಎರಚದೆ ಬುಡಕ್ಕೇ ಬಿಡಬೇಕು. ಸಾಲಿನ ನಡುವೆ ತರಗೆಲೆ ಹಾಸಿದರೆ ಕೆಸರು ಸಿಡಿಯುವುದೂ ಕಡಿಮೆ.