ಕಾಜಾಣದ ಮೇಲೆ ಗೂಬೆ

ಆಸ್ಟ್ರೇಲಿಯಾದಲ್ಲಿ ಯಾರಾದರೂ ನಿಮ್ಮನ್ನು 'ಡ್ರಾಂಗೊ' ಅಂದರೆ ಜಾಸ್ತಿ ಬೇಜಾರು ಮಾಡಿಕೊಳ್ಳಬೇಡಿ. ಪೆದ್ದ, ಕೈಲಾಗದವನು ಎಂದು ಅರ್ಥ. ನಮ್ಮ ಕಡೆ ಗೆಳೆಯನಿಗೆ 'ಲೇ ಗೂಬೆ' ಅನ್ನುತ್ತೇವಲ್ಲ, ಅಷ್ಟೇ ಖಾರ. ಗೂಬೆಯಂತೆ ಡ್ರಾಂಗೊ ಕೂಡ ಒಂದು ಹಕ್ಕಿ. ನಮಗೆ ಗೊತ್ತಿರುವ ಹಕ್ಕಿಯೇ. ಹೊಲದ ಬದಿಯ ತಂತಿಯ ಮೇಲೋ ಮೇಯುವ ದನದ ಬೆನ್ನಿನ ಮೇಲೋ ಕೂತಿರುವ ಕವಲುಬಾಲದ ಕರಿ ಕಾಜಾಣ ಇದೇ ಕುಟುಂಬದ್ದು.

ಹೆಸರು ಮಡಗಾಸ್ಕರ್ ದ್ವೀಪದ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಆದರೆ ಬೈಗುಳ ನೇರವಾಗಿ ಹಕ್ಕಿಯಿಂದ ಬರಲಿಲ್ಲ. ನಡುವೆ ಒಂದು ಕುದುರೆ ಇದೆ.

1920ರ ದಶಕದಲ್ಲಿ ಆಸ್ಟ್ರೇಲಿಯಾದ ಒಂದು ರೇಸ್ ಕುದುರೆಗೆ ಈ ಹಕ್ಕಿಯ ಹೆಸರಿಟ್ಟರು. ಅದು 37 ರೇಸ್ ಓಡಿತು. ಒಂದನ್ನೂ ಗೆಲ್ಲಲಿಲ್ಲ. 1925ರಲ್ಲಿ ಓಟ ನಿಲ್ಲಿಸಿತು. ಹಾಗಂತ ಅದು ಕುಂಟು ಕುದುರೆಯೇನೂ ಅಲ್ಲ. ವಿಕ್ಟೋರಿಯಾ ಡರ್ಬಿಯಂಥ ದೊಡ್ಡ ರೇಸಿನಲ್ಲಿ ಎರಡನೆಯದಾಗಿ ಬಂದಿತ್ತು! ಗೆಲುವು ಕೈಗೆ ಬಂದಂತೆ ಮಾಡಿ ಜಾರಿಹೋಗುತ್ತಿತ್ತು, ಅಷ್ಟೇ.

ಅದಕ್ಕೇ ಮೊದಮೊದಲು ರೇಸಿನ ಜನ ಅದೃಷ್ಟ ಕೆಟ್ಟ ಬೇರೆ ಕುದುರೆಗಳನ್ನು ಡ್ರಾಂಗೊ ಅಂದರು. ಆಮೇಲೆ ಮಾತು ಮನುಷ್ಯರಿಗೂ ತಗಲಿಕೊಂಡಿತು. 'ಪಾಪ, ಅದೃಷ್ಟವಿಲ್ಲ' ಎನ್ನುವುದು 'ಇವನಿಂದ ಏನೂ ಆಗಲ್ಲ' ಎಂದಾಯಿತು. ಕಡೆಗೆ 'ದಡ್ಡ' ಆಯಿತು. 1940ರ ದಶಕದಲ್ಲಿ ಅಲ್ಲಿನ ವಾಯುಪಡೆಗೆ ಹೊಸದಾಗಿ ಸೇರಿದ ಹುಡುಗರಿಗೂ ಇದೇ ಹೆಸರು. ಕನಿಕರದ ಮಾತು ಬೈಗುಳವಾಗುವುದು ನಮಗೂ ಹೊಸದಲ್ಲ. 'ಏ ಬಡವಾ!' ಎಂದು ಬೈಯುವಾಗ ಯಾರೂ ಎದುರಿನವನ ಜೇಬು ನೋಡುವುದಿಲ್ಲ, ಅಲ್ವಾ?

ಕುದುರೆಗೆ ಆದದ್ದು ಅನ್ಯಾಯ. ಹಕ್ಕಿಗೆ ಆದದ್ದು ಇನ್ನೂ ದೊಡ್ಡ ಅನ್ಯಾಯ. ನಮ್ಮ ಕಾಜಾಣವನ್ನೇ ನೋಡಿ. ಗೂಡಿನ ಹತ್ತಿರ ಸುಳಿದರೆ ಕಾಗೆ, ಹದ್ದು ಯಾವುದನ್ನೂ ಬಿಡದೆ ಅಟ್ಟುತ್ತದೆ. ಆ ಧೈರ್ಯ ನೋಡಿಯೇ ಹಿಂದಿಯಲ್ಲಿ ಇದನ್ನು ಕೋತ್ವಾಲ, ಅಂದರೆ ಪೊಲೀಸ್ ಅಧಿಕಾರಿ, ಅನ್ನುತ್ತಾರೆ. ಎಷ್ಟೋ ಸಾಧು ಹಕ್ಕಿಗಳು ಇದರ ನೆರೆಯಲ್ಲೇ ಗೂಡು ಕಟ್ಟುತ್ತವೆ. ಪುಕ್ಕಟೆ ಕಾವಲು!

ಆಫ್ರಿಕಾದ ಕಲಹಾರಿಯಲ್ಲಿರುವ ಡ್ರಾಂಗೊ ಮಾತ್ರ ಪಕ್ಕಾ ಕಳ್ಳ. ಅಲ್ಲಿ ಮೀರ್‌ಕ್ಯಾಟ್ ಎಂಬ ಮುಂಗುಸಿ ಜಾತಿಯ ಪ್ರಾಣಿಗಳು ಮಣ್ಣು ಕೆದಕಿ ಹುಳ ಹಿಡಿಯುತ್ತವೆ. ಹದ್ದು ಬಂದಾಗ ಡ್ರಾಂಗೊ ಕೂಗಿ ಎಚ್ಚರಿಸುತ್ತದೆ, ಅವು ನಂಬಿ ಓಡುತ್ತವೆ. ಮೀರ್‌ಕ್ಯಾಟಿಗೆ ದಪ್ಪ ಹುಳ ಸಿಕ್ಕಾಗ ಡ್ರಾಂಗೊ ಹದ್ದು ಇಲ್ಲದಿದ್ದರೂ ಕೂಗುತ್ತದೆ! ಒಂದೇ ಕೂಗನ್ನು ಮತ್ತೆ ಮತ್ತೆ ಕೂಗಿದರೆ ಕೇಳುವವರಿಗೆ ಅನುಮಾನ ಬರುತ್ತದೆ. ಆಗ ಡ್ರಾಂಗೊ ದನಿ ಬದಲಿಸಿ ಬೇರೆ ಹಕ್ಕಿಯ, ಕೆಲವೊಮ್ಮೆ ಮೀರ್‌ಕ್ಯಾಟಿನದೇ, ಎಚ್ಚರಿಕೆಯ ಕೂಗನ್ನು ಅನುಕರಿಸುತ್ತದೆ. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಆಟದ ಬಗ್ಗೆ ಅಧ್ಯಯನವೇ ಬಂದಿದೆ. ಮೀರ್‌ಕ್ಯಾಟ್ ಬಿಲದೊಳಗೆ, ಹುಳ ಡ್ರಾಂಗೊ ಹೊಟ್ಟೆಯೊಳಗೆ.