ಗೊಬ್ಬರ ಶುದ್ಧವಾಯಿತು, ಮನಸ್ಸು ಒಪ್ಪಿತೇ?

ಒಂದು ಲೋಟ ಜ್ಯೂಸ್. ರೋಗಾಣು ಒಂದೂ ಉಳಿಯದಂತೆ ಶುದ್ಧ ಮಾಡಿದ ಸತ್ತ ಜಿರಳೆಯನ್ನು ಅದರಲ್ಲಿ ಅದ್ದಿ ತೆಗೆದರೆ ನೀವು ಕುಡಿಯುತ್ತೀರಾ? ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು ಇಂಥದ್ದೇ ಒಂದು ಪ್ರಯೋಗವನ್ನು 1986ರಲ್ಲಿ ಪ್ರಕಟಿಸಿದರು. ಅಪಾಯವಿಲ್ಲ ಎಂದು ಗೊತ್ತಿದ್ದರೂ ಜನಕ್ಕೆ ಆ ಜ್ಯೂಸ್ ಹಿಡಿಸಲಿಲ್ಲ. ಹಸಿ ಕಸದಿಂದ, ಕೊಳಚೆಯಿಂದ ಮಾಡಿದ ವಸ್ತುಗಳಿಗೂ ಇದೇ ಪಾಡು. ಅವು ಈಗ ಏನಾಗಿವೆ ಅನ್ನುವುದಕ್ಕಿಂತ ಮೊದಲು ಏನಾಗಿದ್ದವು ಅನ್ನುವುದೇ ತಲೆಯಲ್ಲಿ ಕೂತಿರುತ್ತದೆ.

ಗೊಬ್ಬರವನ್ನೇ ನೋಡಿ. ಹಸಿ ಕಸ, ಒಣ ಎಲೆ, ತೇವ, ಗಾಳಿ ಹದವಾಗಿ ಸೇರಿದರೆ ದೊಡ್ಡ ರಾಶಿಯ ಒಳಗೆ ಕೆಲವೇ ದಿನಗಳಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಯಾರೂ ಬೆಂಕಿ ಹಚ್ಚಿಲ್ಲ. ಬ್ಯಾಕ್ಟೀರಿಯಾಗಳು ಕಸ ತಿನ್ನುವಾಗ ಹೊರಬರುವ ಶಾಖ ಅದು. ಆ ಬಿಸಿ ಕೆಲವು ದಿನ ನಿಂತರೆ ಬಹುಪಾಲು ರೋಗಾಣುಗಳೂ ಕಳೆ ಬೀಜಗಳೂ ಸಾಯುತ್ತವೆ. ಹೊರಗಿನ ಪದರ ತಣ್ಣಗೇ ಇರುತ್ತದಲ್ಲ, ಅದಕ್ಕೇ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಚೆನ್ನಾಗಿ ಮಾಗಿದ ಗೊಬ್ಬರವನ್ನು ಕೈಯಲ್ಲಿ ಹಿಡಿದು ಮೂಸಿದರೆ ಬರುವುದು ಮಳೆ ಬಿದ್ದ ಮಣ್ಣಿನ ವಾಸನೆ. ಎರಡರಲ್ಲೂ ಜಿಯೋಸ್ಮಿನ್ ಎಂಬ ಒಂದೇ ವಸ್ತು ಇರುತ್ತದೆ.

ಹೂಗಿಡಕ್ಕೆ ಇದನ್ನು ಹಾಕಲು ಯಾರ ತಕರಾರೂ ಇರುವುದಿಲ್ಲ. ಬಾಯಿಗೆ ಹತ್ತಿರವಾದಷ್ಟೂ ಹಿಂಜರಿಕೆ ಜಾಸ್ತಿ. ಅಮೆರಿಕದ ಮಿಲ್ವಾಕೀ ನಗರ ಚರಂಡಿ ನೀರಿನ ಕೆಸರನ್ನು ಒಣಗಿಸಿ, ಕಾಳಾಗಿಸಿ, 1926ರಿಂದ ‘ಮಿಲೋರ್ಗನೈಟ್’ ಎಂಬ ಹೆಸರಲ್ಲಿ ಮಾರುತ್ತಿದೆ. ಹುಲ್ಲುಹಾಸಿಗೆ ಅದು ಚೆನ್ನಾಗಿಯೇ ನಡೆಯಿತು. ಆಸ್ಟ್ರೇಲಿಯಾದ ಟೂವೂಂಬಾದಲ್ಲಿ ಶುದ್ಧೀಕರಿಸಿದ ಕೊಳಚೆನೀರನ್ನು ಕುಡಿಯುವ ನೀರಿಗೆ ಸೇರಿಸುವ ಮಾತು ಬಂದಾಗ ಮಾತ್ರ, 2006ರ ಮತದಾನದಲ್ಲಿ ಜನ ಬೇಡ ಅಂದುಬಿಟ್ಟರು.

ಇದನ್ನೆಲ್ಲ ಸುಮ್ನೆ ಅಜ್ಞಾನ ಅನ್ನುವುದು ಅನ್ಯಾಯ. ಬ್ರಿಟನ್ನಿನಲ್ಲಿ ಪ್ರಾಣಿಗಳ ಮಾಂಸ, ಮೂಳೆಯ ಪುಡಿಯನ್ನು ದನಗಳಿಗೇ ತಿನ್ನಿಸಿದ್ದರಿಂದ ಹುಚ್ಚುದನದ ಕಾಯಿಲೆ ಹರಡಿತು. ಪುಡಿ ಮಾಡುವಾಗಿನ ಬಿಸಿಗೆ ಆ ಕಾಯಿಲೆ ತರುವ ಪ್ರಿಯಾನ್ ಎಂಬ ತಿರುಚಿದ ಪ್ರೋಟೀನ್ ಜಗ್ಗಲಿಲ್ಲ. ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಕೊಳಚೆ ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಅದರಲ್ಲಿದ್ದ ಪಿಫಾಸ್ (ನೀರು, ಎಣ್ಣೆ ಅಂಟದಂತೆ ಪಾತ್ರೆ, ಬಟ್ಟೆಗಳಿಗೆ ಬಳಸುವ) ರಾಸಾಯನಿಕಗಳು ಮಣ್ಣಿನಲ್ಲಿ ಹಾಗೇ ಉಳಿಯುತ್ತವೆ, ಗೊಬ್ಬರದ ರಾಶಿಯ ಬಿಸಿಯೂ ಅವನ್ನು ಏನೂ ಮಾಡಲಾರದು. ‘ಇದರಲ್ಲಿ ಮತ್ತೇನು ಸೇರಿದೆ?’ ಎಂದು ಕೇಳುವವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ, ಅಲ್ವಾ?

ಅಸಹ್ಯ ರೂಢಿಯಾದಂತೆ ಕಡಿಮೆಯಾಗಬಹುದು. ಅನುಮಾನ ಹಾಗಲ್ಲ. ಗೊಬ್ಬರದಲ್ಲಿ ಒಂದು ಗಾಜಿನ ಚೂರು ಬೆರಳಿಗೆ ತಗುಲಿದರೆ ಸಾಕು, ಆಮೇಲೆ ಎಷ್ಟು ಭಾಷಣ ಮಾಡಿದರೂ ನಂಬಿಕೆ ಬರುವುದಿಲ್ಲ. ಆದ್ದರಿಂದ ನನ್ನ ಪ್ರಕಾರ ಪ್ರಚಾರಕ್ಕಿಂತ ಮೊದಲು ಆಗಬೇಕಾದ್ದು ಕಸವನ್ನು ಹುಟ್ಟುವ ಜಾಗದಲ್ಲೇ ಬೇರ್ಪಡಿಸುವುದು, ಪರೀಕ್ಷೆಯ ಫಲಿತಾಂಶವನ್ನು ಚೀಲದ ಮೇಲೆಯೇ ಹಾಕುವುದು.

ಸ್ವಿಟ್ಜರ್ಲೆಂಡಿನಲ್ಲಿ ಮನುಷ್ಯರ ಮೂತ್ರದಿಂದ ‘ಔರಿನ್’ ಎಂಬ ಗೊಬ್ಬರ ಮಾಡುತ್ತಾರೆ. ಬ್ಯಾಕ್ಟೀರಿಯಾಗಳಿಂದ ವಾಸನೆ ಹೋಗಿಸುತ್ತಾರೆ, ಔಷಧಗಳ ಉಳಿಕೆಯನ್ನು ಇದ್ದಿಲಿನ ಸೋಸುಕದಲ್ಲಿ ಹಿಡಿಯುತ್ತಾರೆ, ನೀರನ್ನು ಆವಿ ಮಾಡಿ ಸಾಂದ್ರಗೊಳಿಸುತ್ತಾರೆ. ತಿನ್ನುವ ಬೆಳೆಗಳಿಗೂ ಅದನ್ನು ಹಾಕಬಹುದೆಂದು ಅಲ್ಲಿನ ಸರ್ಕಾರ 2018ರಲ್ಲಿ ಒಪ್ಪಿಗೆ ಕೊಟ್ಟಿತು.