ಅಕ್ಕಡಿ: ಮುದ್ದೆಯ ಪಕ್ಕದ ಸಾರು ಬೆಳೆಯುವ ಸಾಲು

ನಾಗಮಂಗಲದ ಕಡೆ ಮಳೆ ನಂಬಿದ ರಾಗಿ ಹೊಲಗಳಲ್ಲಿ ಎಂಟೋ ಹತ್ತೋ ಸಾಲು ರಾಗಿ ಕಳೆದ ಮೇಲೆ ಬೇರೆಯದೇ ಹಸಿರಿನ ಒಂದು ಸಾಲು ಸಿಗುತ್ತದೆ. ಅವರೆ, ತೊಗರಿ, ಅಲಸಂದೆ, ನಡುವೆ ಒಂದಿಷ್ಟು ಸಾಸಿವೆ, ಹುಚ್ಚೆಳ್ಳು, ಜೋಳ; ಅಂಚಿಗೆ ಹರಳು. ಇದೇ ಅಕ್ಕಡಿ. ಕೃಷಿ ಪುಸ್ತಕಗಳು ಇದನ್ನು ಮಿಶ್ರ ಬೆಳೆ ಅಥವಾ ಅಂತರ ಬೆಳೆ ಎನ್ನುತ್ತವೆ. ತಪ್ಪಿಲ್ಲ, ಆದರೆ ಆ ಹೆಸರುಗಳಿಗೆ ಅಡುಗೆಮನೆಯ ವಾಸನೆ ತಾಗಿಲ್ಲ.

ರಾಗಿ ಮುದ್ದೆಯಾಗುತ್ತದೆ, ಅಕ್ಕಡಿ ಸಾರಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ತೊಗರಿಬೇಳೆಯಲ್ಲಿ 20 ಗ್ರಾಂಗೂ ಹೆಚ್ಚು.

ಬಿತ್ತನೆಯ ದಿನ ಕೂರಿಗೆ ಹಿಡಿಯುವವನು ಗಂಡಸು. ಅದರ ಹಿಂದೆ ಬಿದಿರಿನ ಕೊಳವೆಗೆ ಮಡಿಲಿನ ಕಾಳು ಬಿಡುತ್ತ ನಡೆಯುವವಳು ಹೆಂಗಸು. ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬೀಜದಲ್ಲಿ ಯಾವುದು ಗಟ್ಟಿ, ಯಾವ ಕಾಳನ್ನು ಎಷ್ಟು ಬೆರೆಸಬೇಕು ಎಂಬುದು ಅವಳ ಲೆಕ್ಕ. ಮನೆಗೆ ಮಿಕ್ಕ ಒಂದೆರಡು ಸೇರು ಕಾಳು ಸಂತೆಗೆ ಹೋದರೆ ಕಾಸು ಅವಳ ಸೆರಗಿನ ಗಂಟಿಗೆ. ರಾಗಿಯ ದುಡ್ಡಿನ ದಾರಿ ಬೇರೆ: ಬೆಂಬಲ ಬೆಲೆಗೆ ಮಾರಿದರೆ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಬೀಳುತ್ತದೆ. ಆ ಹೆಸರು ಬಹುಮಟ್ಟಿಗೆ ಮಾವನದು, ಇಲ್ಲವೆ ಗಂಡನದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ರಾಗಿ ಜೊಳ್ಳು. ತೊಗರಿಯ ಬೇರು ಆಳಕ್ಕಿಳಿದು ತೇವ ಹುಡುಕಿಕೊಳ್ಳುತ್ತದೆ. ನಾಟಿ ಅವರೆ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವುದು. ರಾಗಿ ಕೊಯ್ದ ಹೊಲದಲ್ಲಿ ಒಂಟಿಯಾಗಿ ನಿಂತು, ಹಿಂಗಾರಿನ ಒಂದೆರಡು ಹದ ಮಳೆಯ ತೇವದಲ್ಲಿ ಮಾಗಿಯ ಚಳಿಗೆ ಕಾಯಿ ತುಂಬುತ್ತದೆ. ಮುಂಗಾರು ಒಂದನ್ನೇ ನೆಚ್ಚಿ ಕೂರದ ಜಾಣತನ ಇದು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದೆಂದು ಈಗ ಸಭೆಗಳಲ್ಲಿ ಹೇಳುವ ಮಾತು ಅವಳ ಬೀಜದ ಗಡಿಗೆಯೊಳಗೆ ಎಂದಿನಿಂದಲೋ ಇತ್ತು.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ನಡುವೆ, ವಿಶ್ವೇಶ್ವರಯ್ಯ ನಾಲೆಯ ಕಬ್ಬಿನ ಗದ್ದೆಗಳಲ್ಲಿ ಅಕ್ಕಡಿಗೆ ಜಾಗವಿಲ್ಲ. ರಾಗಿ ಉಳಿದ ಕಡೆಯೂ ಕಟಾವು ಯಂತ್ರಕ್ಕೆ ಈ ಸಾಲು ಅಡ್ಡಿ. ಅಗಲ ಎಲೆಯ ಗಿಡಗಳನ್ನು ಸುಡುವ ಕಳೆನಾಶಕಕ್ಕೆ ಅವರೆಯೂ ಒಂದೇ, ಕಳೆಯೂ ಒಂದೇ. ಕಳೆಯೆಂದರೆ ಬರಿಯ ಕಳೆಯೂ ಅಲ್ಲ: ಅಣ್ಣೆ, ಗಣಿಕೆ, ಕಿರೆ ಎಂದು ಕಿತ್ತು ತಂದರೆ ಸಂಜೆಗೆ ಬೆರಕೆ ಸೊಪ್ಪಿನ ಸಾರು. ಹಾಗೆಂದು ಕಳೆ ಕೀಳುವುದನ್ನು ಹೊಗಳಿ ಹಾಡಲು ನನಗೆ ಮನಸ್ಸಿಲ್ಲ. ದಿನವಿಡೀ ಬಗ್ಗಿದ ಸೊಂಟ ಕಳೆನಾಶಕದ ಡಬ್ಬವನ್ನು ಬಯಸಿದರೆ ಅದು ನ್ಯಾಯವೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಸುಮಾರು 20. ಇದಕ್ಕೆ ಕಾರಣಗಳು ಹಲವು, ಎಲ್ಲವನ್ನೂ ಒಂದು ಸಾಲಿನ ತಲೆಗೆ ಕಟ್ಟಲಾಗದು. ಆದರೆ ಅಕ್ಕಡಿ ಹೋದ ಮನೆಯಲ್ಲಿ ಕಾಳಿಗೂ ಅಂಗಡಿಯೇ ಗತಿ. ಬರದ ವರ್ಷ ಕೊಳ್ಳುವುದು ಕಡಿಮೆಯಾಗಿ ಸಾರು ತೆಳುವಾಗುತ್ತದೆ. ಪಾತ್ರೆಯ ತಳದ ಕಾಳು ಸೌಟಿಗೆ ಸಿಕ್ಕಿ ಮೊದಲು ಕೂತವರ ತಟ್ಟೆಗೆ ಹೋಗುತ್ತದೆ. ಬಡಿಸಿ ಕೊನೆಗೆ ಉಣ್ಣುವವಳಿಗೆ ಮುದ್ದೆಯ ಜೊತೆ ತಿಳಿ.